ಸಿ41.3: ಎದೆಗೂಡಿನ ಮೂಳೆ ಕ್ಯಾನ್ಸರ್‌ನ ಕೋಡ್ ಹೇಳುವುದೇನು, ಹೇಳದೆ ಬಿಡುವುದೇನು?

ಪಕ್ಕೆಲುಬು, ಎದೆಯ ನಡುವಿನ ಚಪ್ಪಟೆ ಮೂಳೆಯಾದ ಸ್ಟರ್ನಮ್, ಕತ್ತಿನ ಬುಡದ ಕಾಲರ್ ಬೋನ್: ಈ ಮೂರರಲ್ಲಿ ಯಾವ ಮೂಳೆಯಲ್ಲಿ ಕ್ಯಾನ್ಸರ್ ಹುಟ್ಟಿದರೂ ಆಸ್ಪತ್ರೆಯ ದಾಖಲೆಯಲ್ಲಿ ಅದರ ಕೋಡ್ ಒಂದೇ, ಸಿ41.3. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಪರಿಷ್ಕರಣೆ, ಅಂದರೆ ಐಸಿಡಿ-10, ಕೊಟ್ಟಿರುವ ಸಂಖ್ಯೆ ಇದು. ವಿಮೆಯ ಕ್ಲೇಮ್ ಫಾರ್ಮಿನಲ್ಲಿ, ಕ್ಯಾನ್ಸರ್ ನೋಂದಣಿಯ ಪಟ್ಟಿಯಲ್ಲಿ, ಸಾವಿನ ಕಾರಣಗಳ ಅಂಕಿಅಂಶದಲ್ಲಿ ರೋಗಿಯ ಕಾಯಿಲೆ ಉಳಿಯುವುದು ಇಂಥ ಸಂಖ್ಯೆಯಾಗಿಯೇ. ಎದೆಗೂಡಿನ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ತೀರಾ ಅಪರೂಪ. ಹಾಗಾಗಿ ಇಲ್ಲಿ ಕೋಡ್ ತಪ್ಪಿದರೆ ಪೆಟ್ಟು ದೊಡ್ಡದು. ಸಾವಿರಾರು ಪ್ರಕರಣಗಳಿರುವ ಸ್ತನ ಕ್ಯಾನ್ಸರ್‌ನಲ್ಲಿ ಹತ್ತು ತಪ್ಪು ನಮೂದುಗಳು ಕಣ್ಣಿಗೆ ಬೀಳದೆ ಹೋಗಬಹುದು, ಇಲ್ಲಿ ಹತ್ತು ತಪ್ಪಾದರೆ ಲೆಕ್ಕವೇ ತಲೆಕೆಳಗಾಗುತ್ತದೆ.

ರೋಗಗಳಿಗೆ ಸಂಖ್ಯೆ ಕೊಡುವ ಪದ್ಧತಿ ಶುರುವಾದದ್ದು ಸತ್ತವರ ಲೆಕ್ಕ ಇಡುವುದಕ್ಕೆ. ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬೆರ್ತಿಯೋಂ 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮಂಡಿಸಿದರು. 1948ರ ಆರನೇ ಪರಿಷ್ಕರಣೆಯಿಂದ ಅದರ ಹೊಣೆ ವಿಶ್ವ ಆರೋಗ್ಯ ಸಂಸ್ಥೆಯದ್ದಾಯಿತು, ಬದುಕಿರುವವರ ಕಾಯಿಲೆಗಳೂ ಅದರೊಳಗೆ ಸೇರಿದವು. ಐಸಿಡಿ-10ಕ್ಕೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ‘ಸಿ’ ಅಕ್ಷರದ ಕೋಡ್‌ಗಳೆಲ್ಲ ಮಾರಕ ಗಡ್ಡೆಗಳಿಗೆ ಮೀಸಲು. ಕೈಕಾಲುಗಳ ಮೂಳೆಗಳಿಗೆ ಸಿ40, ಉಳಿದ ಮೂಳೆಗಳಿಗೆ ಸಿ41. ಚುಕ್ಕೆಯ ನಂತರದ ಅಂಕೆ ಜಾಗ ಹೇಳುತ್ತದೆ: 0 ಎಂದರೆ ತಲೆಬುರುಡೆ ಮತ್ತು ಮುಖ, 1 ಕೆಳದವಡೆ, 2 ಬೆನ್ನುಮೂಳೆ, 3 ಪಕ್ಕೆಲುಬು–ಸ್ಟರ್ನಮ್–ಕಾಲರ್ ಬೋನ್, 4 ಸೊಂಟದ ಮೂಳೆಗಳು. ಕೊನೆಯ 9 ‘ಮೂಳೆ, ಎಲ್ಲಿಯದೆಂದು ತಿಳಿಸಿಲ್ಲ’ ಎನ್ನುವವರಿಗೆ. ಈ 9ರ ವಿಷಯ ಮುಂದೆ ಬರುತ್ತದೆ.

ಎದೆ ಎಂದರೆ ಜನ ತಿಳಿಯುವುದಕ್ಕೂ ಕೋಡ್ ಪುಸ್ತಕ ತಿಳಿಯುವುದಕ್ಕೂ ವ್ಯತ್ಯಾಸವಿದೆ. ಎದೆಗೂಡಿನ ಬೆನ್ನಿಗೆ ಅಂಟಿಕೊಂಡಂತಿರುವ ಹೆಗಲ ಹಲಗೆಮೂಳೆ ಸಿ41.3ಕ್ಕೆ ಸೇರುವುದಿಲ್ಲ, ಅದು ತೋಳಿನ ಲೆಕ್ಕ, ಸಿ40.0. ಪಕ್ಕೆಲುಬುಗಳು ಹಿಂದೆ ಹೋಗಿ ಸೇರುವ ಬೆನ್ನುಮೂಳೆಯ ಮಣಿಗಳು ಸಿ41.2. ಪಕ್ಕೆಲುಬು ಮತ್ತು ಮಣಿಯ ನಡುವಿನ ಕೀಲು ಮಾತ್ರ ಮತ್ತೆ ಸಿ41.3. ಪಕ್ಕೆಲುಬಿನ ತುದಿಯಿಂದ ಸ್ಟರ್ನಮ್‌ವರೆಗೆ ಇರುವ ಮೆಲುಮೂಳೆಯೂ ಇದೇ ಕೋಡ್‌ಗೆ ಬರುತ್ತದೆ. ಅದನ್ನು ಸೇರಿಸಿರುವುದಕ್ಕೆ ಕಾರಣವಿದೆ. ಎದೆಗೂಡಿನ ಮೂಲ ಮೂಳೆ ಕ್ಯಾನ್ಸರ್‌ಗಳಲ್ಲಿ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಮೆಲುಮೂಳೆಯ ಜೀವಕೋಶಗಳ ಕಾಂಡ್ರೊಸಾರ್ಕೋಮಾ. ಅದು ಎದೆಯ ಮುಂಭಾಗದಲ್ಲಿ, ಪಕ್ಕೆಲುಬು ಮತ್ತು ಮೆಲುಮೂಳೆ ಕೂಡುವ ಜಾಗದ ಆಸುಪಾಸಿನಲ್ಲಿ, ನಿಧಾನಕ್ಕೆ ಬೆಳೆಯುವ ಗಟ್ಟಿ ಗಂಟಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ.

ಕಾಲರ್ ಬೋನ್ ವಿಷಯದಲ್ಲಿ ಪುಸ್ತಕ ತನ್ನೊಳಗೇ ಒಂದು ಮಾತಿಗೆ ನಿಂತಿಲ್ಲ. ಗಡ್ಡೆಗಳ ಅಧ್ಯಾಯದಲ್ಲಿ ಅದು ಪಕ್ಕೆಲುಬಿನ ಜೊತೆಗಿದೆ. ಮೂಳೆ ಮತ್ತು ಕೀಲುಗಳ ಅಧ್ಯಾಯಕ್ಕೆ ಹೋದರೆ ಅದೇ ಮೂಳೆ ಹೆಗಲಿನ ಭಾಗಕ್ಕೆ ಸೇರಿದೆ. ಇದರ ಪರಿಣಾಮ ಕಾಣುವುದು ಕ್ಯಾನ್ಸರ್‌ನಿಂದ ದುರ್ಬಲವಾದ ಮೂಳೆ ತಾನಾಗಿ ಮುರಿದಾಗ. ಆಗ ಎರಡು ಕೋಡ್ ಬೇಕು: ಕಾಯಿಲೆಗೆ ಕಠಾರಿ ಚಿಹ್ನೆಯ ಸಿ41.3, ಮುರಿತಕ್ಕೆ ನಕ್ಷತ್ರ ಚಿಹ್ನೆಯ ಎಂ90.7. ಮುರಿತದ ಕೋಡ್‌ಗೆ ಜಾಗ ಸೂಚಿಸುವ ಅಂಕೆ ಸೇರಿಸುವಾಗ ಪಕ್ಕೆಲುಬಾದರೆ 8, ಕಾಲರ್ ಬೋನ್ ಆದರೆ ಹೆಗಲಿನ 1. ಸಿ41.3 ನೋಡಿದ ಅಭ್ಯಾಸದಲ್ಲಿ ಎರಡಕ್ಕೂ 8 ಹಾಕಿಬಿಡುವುದು ಸುಲಭ.

ಆದರೆ ಜಾಗದ ಗೊಂದಲ ಸಣ್ಣದು. ಈ ಕೋಡಿಂಗ್‌ನ ಜೀವಾಳ ಬೇರೆಯೇ ಪ್ರಶ್ನೆ: ಕ್ಯಾನ್ಸರ್ ಈ ಮೂಳೆಯಲ್ಲೇ ಹುಟ್ಟಿತೋ, ಬೇರೆಲ್ಲೋ ಹುಟ್ಟಿ ಇಲ್ಲಿಗೆ ಹರಡಿತೋ?

ದೊಡ್ಡವರ ಪಕ್ಕೆಲುಬಿನಲ್ಲಿ ಕಾಣುವ ಮಾರಕ ಗಡ್ಡೆಗಳಲ್ಲಿ ಹೆಚ್ಚಿನವು ಬೇರೆ ಕಡೆಯಿಂದ ಬಂದವು. ಶ್ವಾಸಕೋಶ, ಸ್ತನ, ಪ್ರೊಸ್ಟೇಟ್, ಮೂತ್ರಪಿಂಡ, ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್‌ಗಳು ಮೂಳೆಗೆ ಹರಡುವುದರಲ್ಲಿ ಮುಂದು. ಹೀಗೆ ಹರಡಿದ್ದಕ್ಕೆ ಕೋಡ್ ಸಿ79.5. ಅದರ ಜೊತೆಗೆ ಮೂಲ ಕ್ಯಾನ್ಸರ್‌ನ ಕೋಡ್ ಇರಲೇಬೇಕು. ರೋಗಿಗೂ ಮನೆಯವರಿಗೂ ಎರಡೂ ‘ಮೂಳೆ ಕ್ಯಾನ್ಸರ್’ ಆಗಿಯೇ ಕೇಳಿಸುತ್ತವೆ. ವೈದ್ಯರೂ ಕೇಸ್ ಶೀಟಿನಲ್ಲಿ ಕೆಲವೊಮ್ಮೆ ಹಾಗೆಯೇ ಬರೆಯುತ್ತಾರೆ. ಚಿಕಿತ್ಸೆಯ ದೃಷ್ಟಿಯಿಂದ ಮಾತ್ರ ಎರಡರ ನಡುವೆ ಅಜಗಜಾಂತರ. ಪಕ್ಕೆಲುಬಿನಲ್ಲೇ ಹುಟ್ಟಿದ ಕಾಂಡ್ರೊಸಾರ್ಕೋಮಾವನ್ನು ಸುತ್ತಲಿನ ಎದೆಗೋಡೆಯ ಸಮೇತ ಪೂರ್ತಿ ಕತ್ತರಿಸಿ ತೆಗೆದರೆ ಗುಣವಾಗುವ ಆಸೆ ಇದೆ. ಪ್ರೊಸ್ಟೇಟ್‌ನಿಂದ ಪಕ್ಕೆಲುಬಿಗೆ ಬಂದ ಕ್ಯಾನ್ಸರ್‌ಗೆ ಇಡೀ ದೇಹಕ್ಕೆ ಔಷಧ ಬೇಕು, ಪಕ್ಕೆಲುಬನ್ನಷ್ಟೇ ತೆಗೆದು ಫಲವಿಲ್ಲ.

ಈ ಗೊಂದಲ ತಪ್ಪಿಸಲು ಐಸಿಡಿ-10ರ ಸೂಚಿ ಸಂಪುಟದಲ್ಲಿ ಒಂದು ಸಣ್ಣ ಏರ್ಪಾಡಿದೆ. ಗಡ್ಡೆಗಳ ಉದ್ದನೆಯ ಪಟ್ಟಿಯಲ್ಲಿ ಮೂಳೆಗಳ ಹೆಸರಿನ ಪಕ್ಕದಲ್ಲಿ ವಜ್ರಾಕೃತಿಯ ಗುರುತು ಹಾಕಿರುತ್ತಾರೆ. ಆ ಗುರುತಿರುವ ಜಾಗದಲ್ಲಿ ‘ಕಾರ್ಸಿನೋಮಾ’ ಅಥವಾ ‘ಅಡಿನೊಕಾರ್ಸಿನೋಮಾ’ ಎಂದು ವರದಿ ಬಂದರೆ ಅದನ್ನು ಮೂಳೆಯಲ್ಲಿ ಹುಟ್ಟಿದ್ದೆಂದು ತಿಳಿಯಬಾರದು, ಎಲ್ಲಿಂದಲೋ ಹರಡಿದ್ದೆಂದು ತಿಳಿದು ಸಿ79.5 ಕೊಡಬೇಕು. ದವಡೆಯಲ್ಲಿ, ಹಲ್ಲಿಗೆ ಸಂಬಂಧಿಸಿ ಹುಟ್ಟುವ ಕೆಲವು ಕಾರ್ಸಿನೋಮಾಗಳಿಗೆ ಮಾತ್ರ ವಿನಾಯಿತಿ. ಹಿಂದಿರುವ ತರ್ಕ ಸರಳ. ಕಾರ್ಸಿನೋಮಾ ಹುಟ್ಟುವುದು ಚರ್ಮ, ಗ್ರಂಥಿ, ಅಂಗಗಳ ಒಳಪದರ ಇಂಥ ಹೊದಿಕೆಯ ಅಂಗಾಂಶದಿಂದ. ಮೂಳೆ, ಮೆಲುಮೂಳೆ, ಸ್ನಾಯು, ಕೊಬ್ಬು ಇವುಗಳಿಂದ ಹುಟ್ಟುವುದು ಸಾರ್ಕೋಮಾ. ಪಕ್ಕೆಲುಬಿನಲ್ಲಿ ಹೊದಿಕೆಯ ಅಂಗಾಂಶವೇ ಇಲ್ಲವಾದ್ದರಿಂದ ಅಲ್ಲಿ ಕಂಡ ಕಾರ್ಸಿನೋಮಾ ವಲಸೆ ಬಂದದ್ದೇ. ವರದಿಯ ಈ ಒಂದು ಪದ ಓದಿಯೇ ಅನುಭವಿ ಕೋಡರ್ ಅರ್ಧ ತೀರ್ಮಾನಕ್ಕೆ ಬರಬಲ್ಲರು.

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ವರ್ಷಗಳು ಕಳೆದ ಮಹಿಳೆಯೊಬ್ಬರಿಗೆ ಅದೇ ಬದಿಯ ಪಕ್ಕೆಲುಬಿನಲ್ಲಿ ನೋವು ಶುರುವಾಗಿ, ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿತೆಂದುಕೊಳ್ಳೋಣ. ಬಯಾಪ್ಸಿಯಲ್ಲಿ ಸ್ತನದ ಕಾರ್ಸಿನೋಮಾವೇ ಬಂದರೆ ಹಳೆಯ ಕಾಯಿಲೆ ಹರಡಿದೆ ಎಂದರ್ಥ. ಆಗ ಕೋಡ್ ಸಿ79.5, ಜೊತೆಗೆ ಸ್ತನ ಕ್ಯಾನ್ಸರ್ ಹಿಂದೆ ಇತ್ತೆಂದು ಹೇಳುವ ಝಡ್85.3. ಆದರೆ ಅದೇ ಬಯಾಪ್ಸಿಯಲ್ಲಿ ಆಸ್ಟಿಯೊಸಾರ್ಕೋಮಾ ಬರಲೂಬಹುದು. ಹಿಂದೆ ಎದೆಗೆ ಕೊಟ್ಟ ವಿಕಿರಣ ಚಿಕಿತ್ಸೆಯ ಜಾಗದಲ್ಲಿ ಬಹಳ ವರ್ಷಗಳ ನಂತರ ಸಾರ್ಕೋಮಾ ಹುಟ್ಟುವುದು ಅಪರೂಪವಾದರೂ ವೈದ್ಯರಿಗೆ ಗೊತ್ತಿರುವ ಸಂಗತಿ. ಅದು ಹೊಸ ಕ್ಯಾನ್ಸರ್, ಸಿ41.3. ಮಹಿಳೆ ಅವರೇ, ಪಕ್ಕೆಲುಬು ಅದೇ, ನೋವು ಅದೇ. ಸೂಕ್ಷ್ಮದರ್ಶಕದ ಕೆಳಗೆ ಕಂಡ ಜೀವಕೋಶ ಬೇರೆಯಾದದ್ದಕ್ಕೆ ಕೋಡ್, ಚಿಕಿತ್ಸೆ, ಮುಂದಿನ ನಿರೀಕ್ಷೆ ಎಲ್ಲವೂ ಬೇರೆಯಾದವು. ‘ಹಳೆಯ ಸ್ತನ ಕ್ಯಾನ್ಸರ್ ರೋಗಿ, ಈಗ ಪಕ್ಕೆಲುಬಿನ ಗಡ್ಡೆ’ ಎಂಬ ಒಂದು ಸಾಲು ನೋಡಿ ಬಯಾಪ್ಸಿ ವರದಿ ಬರುವ ಮೊದಲೇ ಕೋಡ್ ಹಾಕುವುದು ಅಪಾಯಕಾರಿ ಎನ್ನುವುದು ಇದಕ್ಕೇ.

ಪಕ್ಕದಿಂದ ನುಗ್ಗುವ ಕ್ಯಾನ್ಸರ್ ಇನ್ನೊಂದು ಬಗೆ. ಶ್ವಾಸಕೋಶದ ತುದಿಯಲ್ಲಿ ಹುಟ್ಟುವ ಪ್ಯಾನ್‌ಕೋಸ್ಟ್ ಗಡ್ಡೆ ಮೇಲಿನ ಪಕ್ಕೆಲುಬುಗಳನ್ನು ಕೊರೆಯುತ್ತದೆ. ಚಿತ್ರದಲ್ಲಿ ಮೂಳೆ ಹಾಳಾದದ್ದೇ ಎದ್ದು ಕಂಡರೂ ಮೂಲ ಶ್ವಾಸಕೋಶದ ಮೇಲ್ಭಾಗ, ಸಿ34.1. ಮೂಳೆಗೆ ಆದದ್ದು ಹರಡುವಿಕೆಯ ಲೆಕ್ಕಕ್ಕೇ ಹೋಗುತ್ತದೆ.

ಎದೆಗೂಡಿನ ಮೂಳೆಯಲ್ಲಿ ಹುಟ್ಟಿಯೂ ಸಿ41.3 ಆಗದ ಕಾಯಿಲೆಗಳಿವೆ. ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಒಂಟಿ ಪಕ್ಕೆಲುಬನ್ನು ಉಬ್ಬಿಸಬಹುದು. ಅದು ರಕ್ತಸಂಬಂಧಿ ಕ್ಯಾನ್ಸರ್‌ಗಳ ಗುಂಪಿಗೆ ಸೇರಿದ್ದು: ಒಂಟಿ ಪ್ಲಾಸ್ಮಸೈಟೋಮಾ ಆದರೆ ಸಿ90.3, ಮೈಯೆಲ್ಲ ಹಬ್ಬಿದ ಮಲ್ಟಿಪಲ್ ಮೈಲೋಮಾ ಆದರೆ ಸಿ90.0. ಮಕ್ಕಳು ಮತ್ತು ಹದಿಹರೆಯದವರ ಎದೆಗೋಡೆಯಲ್ಲಿ ಕಾಣುವ ಆಸ್ಕಿನ್ ಗಡ್ಡೆಯನ್ನು ಮೊದಲು ವಿವರಿಸಿದ್ದು 1979ರಲ್ಲಿ. ಇಂದು ಅದನ್ನು ಯೂಯಿಂಗ್ ಸಾರ್ಕೋಮಾದ ಕುಟುಂಬಕ್ಕೆ ಸೇರಿಸುತ್ತಾರೆ. 11 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದು ಅದರ ಸಾಮಾನ್ಯ ಗುರುತು. ಅದು ಪಕ್ಕೆಲುಬಿನಲ್ಲಿ ಹುಟ್ಟಿದ್ದರೆ ಸಿ41.3, ಪಕ್ಕೆಲುಬುಗಳ ನಡುವಿನ ಮೆದು ಅಂಗಾಂಶದಲ್ಲಿ ಹುಟ್ಟಿದ್ದರೆ ಸಿ49.3. ಗಡ್ಡೆ ದೊಡ್ಡದಾಗಿ ಎರಡನ್ನೂ ಆವರಿಸಿಕೊಂಡ ಮೇಲೆ ಎಲ್ಲಿಂದ ಹೊರಟಿತೆಂದು ಹೇಳಲು ರೇಡಿಯಾಲಜಿಸ್ಟ್ ಮತ್ತು ಸರ್ಜನ್ ಇಬ್ಬರ ಟಿಪ್ಪಣಿಯೂ ಬೇಕಾಗುತ್ತದೆ.

ಕ್ಯಾನ್ಸರ್ ಅಲ್ಲದ ಗಂಟುಗಳನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಎದೆಯ ಮೇಲೆ ಗಂಟು ಕಂಡವರಿಗೆ ಮೊದಲು ಬರುವ ಭಯ ಒಂದೇ. ಪಕ್ಕೆಲುಬಿನ ಮೆಲುಮೂಳೆ ಊದಿಕೊಂಡು ನೋಯುವ ಟೀಟ್ಜೆ ಸಿಂಡ್ರೋಮ್‌ಗೆ ಎಂ94.0 ಎಂಬ ಕೋಡ್ ಇದೆ, ಅದು ಗಡ್ಡೆಯೇ ಅಲ್ಲ. ಪಕ್ಕೆಲುಬಿನ ನಿರಪಾಯಕಾರಿ ಗಡ್ಡೆಗಳಿಗೆ ಡಿ16.7. ಒಂದೇ ಮೂಳೆಗೆ ಸೀಮಿತವಾದ ಫೈಬ್ರಸ್ ಡಿಸ್‌ಪ್ಲೇಸಿಯಾ ಎಂಬ, ಪಕ್ಕೆಲುಬಿನಲ್ಲಿ ಸಾಕಷ್ಟು ಕಾಣಸಿಗುವ ತೊಂದರೆಗೆ ಮೂಳೆರೋಗಗಳ ಅಧ್ಯಾಯದ ಎಂ85.0. ಮುಂದೆ ಹೇಗೆ ವರ್ತಿಸುತ್ತದೆಂದು ಹೇಳಲಾಗದ ಜೈಂಟ್ ಸೆಲ್ ಗಡ್ಡೆಗೆ ಡಿ48.0. ಯಾವುದೂ ಖಚಿತವಾಗದೆ ರೋಗಿ ಮನೆಗೆ ಹೋದರೆ, ವೈದ್ಯರು ‘ಕ್ಯಾನ್ಸರ್ ಇರಬಹುದು’ ಎಂಬ ಅನುಮಾನವನ್ನು ರೋಗದ ಹೆಸರಾಗಿ ಬರೆಯಬಾರದು. ಎದೆನೋವು, ಗಂಟು ಎಂದು ಕಂಡ ಲಕ್ಷಣವನ್ನಷ್ಟೇ ದಾಖಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಇದು ಬರೀ ಶಿಸ್ತಿನ ಮಾತಾಗಿ ಉಳಿದಿಲ್ಲ. ಒಮ್ಮೆ ದಾಖಲೆಗೆ ಹತ್ತಿದ ಸಿ41.3 ಮುಂದಿನ ಆಸ್ಪತ್ರೆಗೂ ಮುಂದಿನ ವಿಮಾ ಪಾಲಿಸಿಗೂ ರೋಗಿಯ ಹಿಂದೆಯೇ ಹೋಗುತ್ತದೆ, ಅಳಿಸುವುದು ಬಹಳ ಕಷ್ಟ.

ಸಿ41.3ರ ದೊಡ್ಡ ಕೊರತೆ ಎಂದರೆ ಅದು ಜಾಗ ಹೇಳುತ್ತದೆ, ಜಾತಿ ಹೇಳುವುದಿಲ್ಲ. ಕಾಂಡ್ರೊಸಾರ್ಕೋಮಾಕ್ಕೆ ಶಸ್ತ್ರಚಿಕಿತ್ಸೆಯೇ ಮುಖ್ಯ, ಕೀಮೋಗೂ ವಿಕಿರಣಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ಯೂಯಿಂಗ್ ಸಾರ್ಕೋಮಾಕ್ಕೆ ಕೀಮೋ ಇಲ್ಲದೆ ಚಿಕಿತ್ಸೆಯೇ ಇಲ್ಲ. ಆಸ್ಟಿಯೊಸಾರ್ಕೋಮಾಕ್ಕೆ ಕೀಮೋ ಮತ್ತು ಶಸ್ತ್ರಚಿಕಿತ್ಸೆ ಜೊತೆಯಾಗಿ ಬೇಕು. ಮೂರೂ ಪಕ್ಕೆಲುಬಿನಲ್ಲಿದ್ದರೆ ಮೂರಕ್ಕೂ ಒಂದೇ ಸಿ41.3. ಹಾಗಾಗಿ ಕ್ಯಾನ್ಸರ್ ನೋಂದಣಿ ಕೇಂದ್ರಗಳು ಐಸಿಡಿ-ಒ ಎಂಬ ಪ್ರತ್ಯೇಕ ವರ್ಗೀಕರಣವನ್ನೂ ಬಳಸುತ್ತವೆ. 1976ರಲ್ಲಿ ಮೊದಲು ಹೊರಬಂದ ಇದರ ಮೂರನೇ ಆವೃತ್ತಿ ಬಂದದ್ದು 2000ದಲ್ಲಿ. ಇದರಲ್ಲಿ ಜಾಗಕ್ಕೊಂದು, ಜೀವಕೋಶದ ಬಗೆಗೊಂದು ಹೀಗೆ ಎರಡು ಕೋಡ್.

ಒಂದು ವರದಿಯನ್ನು ಬಿಡಿಸಿ ನೋಡಬಹುದು: ‘ಎಡಗಡೆಯ ಐದನೇ ಪಕ್ಕೆಲುಬು, ಮುಂಭಾಗ, ಕಾಂಡ್ರೊಸಾರ್ಕೋಮಾ, ಗ್ರೇಡ್ 2’. ಜಾಗದ ಕೋಡ್ ಸಿ41.3. ಜೀವಕೋಶದ ಕೋಡ್ 9220/3. ಮೊದಲ ನಾಲ್ಕು ಅಂಕೆ ಕಾಂಡ್ರೊಸಾರ್ಕೋಮಾ ಎಂಬುದನ್ನೂ ಓರೆಗೆರೆಯ ನಂತರದ 3 ಅದು ಇದೇ ಜಾಗದಲ್ಲಿ ಹುಟ್ಟಿದ ಮಾರಕ ಗಡ್ಡೆ ಎಂಬುದನ್ನೂ ಹೇಳುತ್ತವೆ. ಅಲ್ಲಿ 0 ಇದ್ದಿದ್ದರೆ ನಿರಪಾಯಕಾರಿ, 1 ಇದ್ದಿದ್ದರೆ ಅನಿಶ್ಚಿತ, 6 ಇದ್ದಿದ್ದರೆ ಬೇರೆಡೆಯಿಂದ ಹರಡಿದ್ದು. ಅದರಾಚೆ ಗ್ರೇಡ್‌ಗೆ ಇನ್ನೊಂದು ಅಂಕೆ, 2. ಎಡ ಅಥವಾ ಬಲ ಎಂಬುದಕ್ಕೆ ಪ್ರತ್ಯೇಕ ಕಲಮು. ಪಕ್ಕೆಲುಬು, ಕಾಲರ್ ಬೋನ್ ಎರಡೂ ಬದಿಗಿರುವುದರಿಂದ ಆ ಕಲಮು ತುಂಬಬೇಕು. ಸ್ಟರ್ನಮ್ ಒಂದೇ ಇರುವುದರಿಂದ ಅದಕ್ಕೆ ಬೇಕಿಲ್ಲ. ಇಷ್ಟೆಲ್ಲ ತುಂಬಿದರೂ ‘ಐದನೇ’ ಎಂಬ ಪದಕ್ಕೆ ಯಾವ ಕೋಡಿನಲ್ಲೂ ಜಾಗವಿಲ್ಲ. ಒಂದನೇ ಪಕ್ಕೆಲುಬಿನ ಶಸ್ತ್ರಚಿಕಿತ್ಸೆಗೂ ಐದನೆಯದಕ್ಕೂ ಇರುವ ವ್ಯತ್ಯಾಸ ಸರ್ಜನ್‌ಗೆ ಗೊತ್ತು, ಅಂಕಿಅಂಶಕ್ಕೆ ಗೊತ್ತಾಗುವುದಿಲ್ಲ. ಗಡ್ಡೆಯ ಅಳತೆಗೂ ಇದೇ ಗತಿ. ಕಾಯಿಲೆಯ ಹಂತ ನಿರ್ಧರಿಸುವ ಪದ್ಧತಿಯಲ್ಲಿ ಎಂಟು ಸೆಂಟಿಮೀಟರ್ ಒಂದು ಮುಖ್ಯ ಗಡಿ; ಕೋಡಿನಲ್ಲಿ ಅದರ ಸುಳಿವಿಲ್ಲ.

ಜಾಗವೇ ಜಾತಿಯನ್ನು ತೀರ್ಮಾನಿಸುವ ಒಂದು ಸಂದರ್ಭವೂ ಇದೆ. ಮೆಲುಮೂಳೆಯ ಅತಿ ನಿಧಾನ ಬೆಳವಣಿಗೆಯ ಗಡ್ಡೆ ತೊಡೆಮೂಳೆಯಲ್ಲಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣದ ಪ್ರಕಾರ ಅದು ‘ಎಟಿಪಿಕಲ್ ಕಾರ್ಟಿಲಾಜಿನಸ್ ಟ್ಯೂಮರ್’, ಕೋಡ್ 9222/1. ಅದೇ ರೂಪದ ಗಡ್ಡೆ ಪಕ್ಕೆಲುಬಿನಂಥ ಚಪ್ಪಟೆ ಮೂಳೆಯಲ್ಲಿದ್ದರೆ ‘ಗ್ರೇಡ್ 1 ಕಾಂಡ್ರೊಸಾರ್ಕೋಮಾ’, ಕೋಡ್ 9222/3. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ದೇಹದ ನಡುಭಾಗದ ಮೂಳೆಗಳಲ್ಲಿ ಇದು ಮರುಕಳಿಸಿ ಪ್ರಾಣಕ್ಕೆ ಕುತ್ತಾಗುವ ಸಂಭವ ಹೆಚ್ಚು. ಒಂದನ್ನು ‘ಅನಿಶ್ಚಿತ’ ಎಂದೂ ಇನ್ನೊಂದನ್ನು ‘ಮಾರಕ’ ಎಂದೂ ಬರೆಯುವುದು ಅದಕ್ಕೇ. ಬಯಾಪ್ಸಿ ಮಾದರಿಯ ಜೊತೆ ಕಳಿಸುವ ಚೀಟಿಯಲ್ಲಿ ಮೂಳೆಯ ಹೆಸರು ಸ್ಪಷ್ಟವಾಗಿ ಇರಬೇಕೆಂದು ಪೆಥಾಲಜಿಸ್ಟ್‌ಗಳು ಪಟ್ಟು ಹಿಡಿಯುವುದರಲ್ಲಿ ಅರ್ಥವಿದೆ.

ಭಾರತದ ಆಸ್ಪತ್ರೆಗಳಲ್ಲಿ ಕೋಡ್ ಹಾಕುವ ಕೆಲಸ ಮೆಡಿಕಲ್ ರೆಕಾರ್ಡ್ಸ್ ವಿಭಾಗದ್ದು. ರೋಗಿ ಬಿಡುಗಡೆಯಾದ ಮೇಲೆ ಕೇಸ್ ಶೀಟ್ ಅಲ್ಲಿಗೆ ಬರುತ್ತದೆ. ಅಲ್ಲಿನ ಸಿಬ್ಬಂದಿ ರೋಗಿಯನ್ನು ನೋಡಿರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಓದಿ ಕೋಡ್ ಹುಡುಕುತ್ತಾರೆ. ಬರೆಯದೆ ಬಿಟ್ಟದ್ದನ್ನು ಊಹಿಸಿ ಸೇರಿಸುವ ಅಧಿಕಾರ ಅವರಿಗಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮೂಳೆ ಕ್ಯಾನ್ಸರ್’ ಎಂದಷ್ಟೇ ಇದ್ದರೆ ಅವರಿಗೆ ಉಳಿಯುವುದು ಸಿ41.9. ಆ 9ರೊಳಗೆ ಬಿದ್ದ ಪ್ರಕರಣ ಪಕ್ಕೆಲುಬಿನದೋ ಸೊಂಟದ್ದೋ ಹುಟ್ಟಿದ್ದೋ ಹರಡಿದ್ದೋ ಎಂದು ಮುಂದೆ ಯಾರೂ ಹೇಳಲಾರರು. ಒಂದು ಸಾಲು ಪೂರ್ತಿ ಬರೆಯಲು ವೈದ್ಯರಿಗೆ ತಗಲುವುದು ಅರ್ಧ ನಿಮಿಷ. ಇಡೀ ಕೋಡಿಂಗ್ ವ್ಯವಸ್ಥೆಯ ಗುಣಮಟ್ಟ ನಿಂತಿರುವುದು ಆ ಅರ್ಧ ನಿಮಿಷದ ಮೇಲೆ.

ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದ ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆ ತುಂಬಬೇಕಾದ ಭಾಗದಲ್ಲಿ ಐಸಿಡಿ-10 ಕೋಡ್‌ಗೆ ಜಾಗವಿದೆ. ಮುಖ್ಯ ಕಾಯಿಲೆಗೆ ಬೇರೆ, ಜೊತೆಗಿರುವ ಕಾಯಿಲೆಗಳಿಗೆ ಬೇರೆ. ಪಕ್ಕೆಲುಬು ತೆಗೆದ ಶಸ್ತ್ರಚಿಕಿತ್ಸೆಯ ಬಿಲ್ಲಿನ ಪಕ್ಕದಲ್ಲಿ ಎದೆನೋವಿನ ಕೋಡ್ ಇದ್ದರೆ ವಿಮಾ ಕಂಪನಿಯಿಂದ ಪ್ರಶ್ನೆ ಬಂದೇ ಬರುತ್ತದೆ, ಹಣ ತಡವಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಸರ್ಕಾರಿ ಯೋಜನೆಗಳಲ್ಲಿ ಚಿಕಿತ್ಸೆಯ ಪ್ಯಾಕೇಜ್‌ಗಳಿಗೆ ತಮ್ಮದೇ ಕೋಡ್‌ಗಳಿವೆ, ಅವನ್ನು ಐಸಿಡಿಯ ಜೊತೆ ಬೆರೆಸಬಾರದು.

ಸಾವಿನ ಕಾರಣದ ಪ್ರಮಾಣಪತ್ರದಲ್ಲಿ, ಆಸ್ಪತ್ರೆಗಳು ತುಂಬುವ ನಮೂನೆ 4ರಲ್ಲಿ, ಕಾರಣಗಳನ್ನು ಒಂದರ ಕೆಳಗೊಂದು ಬರೆಯುವ ಸಾಲುಗಳಿವೆ. ತಕ್ಷಣದ ಕಾರಣ ಮೇಲೆ, ಅದಕ್ಕೆ ಮೂಲವಾದದ್ದು ಕೆಳಗೆ. ಮೂಳೆಯು ಕ್ಯಾನ್ಸರ್ ಹರಡುವ ಸಾಮಾನ್ಯ ಜಾಗಗಳ ಪಟ್ಟಿಯಲ್ಲಿ ಇರುವುದರಿಂದ, ಅದೇ ಪತ್ರದಲ್ಲಿ ಸ್ತನ ಅಥವಾ ಪ್ರೊಸ್ಟೇಟ್ ಕ್ಯಾನ್ಸರ್‌ನ ಹೆಸರೂ ಇದ್ದರೆ ಮೂಳೆಯದನ್ನು ಹರಡಿದ್ದೆಂದೇ ಲೆಕ್ಕ ಹಿಡಿಯುತ್ತಾರೆ. ಆ ಹೆಸರು ಬರೆಯದೆ ಬಿಟ್ಟರೆ ಹರಡಿದ ಕಾಯಿಲೆ ಮೂಳೆಯ ಮೂಲ ಕ್ಯಾನ್ಸರ್ ಆಗಿ ದಾಖಲಾಗಿ, ಇಲ್ಲದ ರೋಗಿಗಳು ಸಿ41ರ ಪಟ್ಟಿಗೆ ಸೇರಿಬಿಡುತ್ತಾರೆ.

ಇವೆಲ್ಲ ಕೊನೆಗೆ ಒಟ್ಟುಗೂಡುವುದು ಕ್ಯಾನ್ಸರ್ ನೋಂದಣಿಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದಾಗ ಜನಸಂಖ್ಯೆ ಆಧಾರಿತ ನೋಂದಣಿಗೆ ಆಯ್ದುಕೊಂಡದ್ದು ಬೆಂಗಳೂರು, ಮುಂಬೈ, ಚೆನ್ನೈ ನಗರಗಳನ್ನು. ಬೆಂಗಳೂರಿನ ನೋಂದಣಿ ನಡೆಯುವುದು ಕಿದ್ವಾಯಿ ಸಂಸ್ಥೆಯಲ್ಲಿ. ದೇಶದ ನೋಂದಣಿಗಳ ಮಾಹಿತಿಯನ್ನು ಒಟ್ಟುಮಾಡುವ ಮಂಡಳಿಯ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಮಾಹಿತಿ ತಾನಾಗಿ ಬರಲಿ ಎಂದು ನೋಂದಣಿಯವರು ಕಾಯುತ್ತ ಕೂರುವುದಿಲ್ಲ. ಆಸ್ಪತ್ರೆ, ಪೆಥಾಲಜಿ ಲ್ಯಾಬ್, ಮರಣ ನೋಂದಣಿ ಕಚೇರಿಗಳಿಗೆ ಹೋಗಿ ಕಡತ ತೆಗೆಸಿ ಬರೆದುಕೊಂಡು, ಒಬ್ಬರೇ ರೋಗಿ ಎರಡು ಆಸ್ಪತ್ರೆಯಲ್ಲಿ ಕಂಡಿದ್ದರೆ ಎರಡು ಬಾರಿ ಎಣಿಕೆಯಾಗದಂತೆ ನೋಡಿಕೊಳ್ಳುತ್ತಾರೆ. ಅಷ್ಟಾದರೂ ಪ್ರಕಟವಾಗುವ ಪಟ್ಟಿಗಳಲ್ಲಿ ಸಿ40 ಮತ್ತು ಸಿ41 ಎರಡನ್ನೂ ಸೇರಿಸಿ ‘ಮೂಳೆ’ ಎಂಬ ಒಂದೇ ಸಾಲು ಕೊಡುವುದು ರೂಢಿ. ಮೊಣಕಾಲ ಬಳಿಯ ಆಸ್ಟಿಯೊಸಾರ್ಕೋಮಾದ ಹದಿನಾರರ ಹುಡುಗನೂ ಪಕ್ಕೆಲುಬಿನ ಕಾಂಡ್ರೊಸಾರ್ಕೋಮಾದ ಐವತ್ತರ ರೈತನೂ ಆ ಸಾಲಿನಲ್ಲಿ ಒಂದೇ. ಎದೆಗೂಡಿನ ಕ್ಯಾನ್ಸರ್ ಬಗ್ಗೆ ಅಧ್ಯಯನ ಮಾಡುವವರು ಆ ಸಾಲಿನ ಹಿಂದಿನ ಮೂಲ ನಮೂದುಗಳಿಗೇ ಹೋಗಬೇಕು, ಅಲ್ಲಿ ಮೂರನೇ ಅಂಕೆ ಸರಿಯಾಗಿದ್ದರೆ ಮಾತ್ರ ಏನಾದರೂ ಸಿಗುತ್ತದೆ.

2019ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದು 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಈ ಕ್ರಮವನ್ನು ತಿರುವುಮುರುವು ಮಾಡಿದೆ. ಅದರಲ್ಲಿ ಮೊದಲು ಜಾತಿ, ಆಮೇಲೆ ಜಾಗ: ಮೂಳೆಯ ಕಾಂಡ್ರೊಸಾರ್ಕೋಮಾಕ್ಕೆ 2ಬಿ50, ಆಸ್ಟಿಯೊಸಾರ್ಕೋಮಾಕ್ಕೆ 2ಬಿ51, ಯೂಯಿಂಗ್ ಸಾರ್ಕೋಮಾಕ್ಕೆ 2ಬಿ52. ಮೂಳೆಯ ಹೆಸರು, ಎಡಬಲ ಮುಂತಾದ ವಿವರಗಳನ್ನು ಮುಖ್ಯ ಕೋಡ್‌ನ ಹಿಂದೆ ಜೋಡಿಸುವ ವಿಸ್ತರಣಾ ಕೋಡ್‌ಗಳಿಂದ ಸೇರಿಸಬಹುದು. ಚಿಕಿತ್ಸೆ ಮಾಡುವವರ ಕಣ್ಣಿಗೆ ಇದು ಹೆಚ್ಚು ಸಹಜವಾದ ಕ್ರಮ. ಆದರೆ ವಿಸ್ತರಣೆ ಜೋಡಿಸದೆ 2ಬಿ50 ಎಂದಷ್ಟೇ ಬರೆದು ಬಿಟ್ಟರೆ, ಹಿಂದೆ ಜಾತಿ ಕಾಣದಂತಿದ್ದ ಕಡೆ ಇನ್ನು ಮುಂದೆ ಜಾಗ ಕಾಣದೆ ಹೋಗುತ್ತದೆ. ಹಳೆಯ ಮಾಹಿತಿಯನ್ನು ಹೊಸದಕ್ಕೆ ಬದಲಿಸುವಾಗ ಬರೀ ಸಿ41.3 ಇಟ್ಟುಕೊಂಡು 2ಬಿ50 ಹಾಕಬೇಕೋ 2ಬಿ52 ಹಾಕಬೇಕೋ ಹೇಳಲಾಗುವುದಿಲ್ಲ. ಐಸಿಡಿ-ಒದ ನಾಲ್ಕು ಅಂಕೆಗಳನ್ನೂ ಬರೆದಿಟ್ಟ ನೋಂದಣಿಗಳ ಹಳೆಯ ಪ್ರಕರಣಗಳನ್ನು ಮಾತ್ರ ಹೊಸ ಪಟ್ಟಿಗೆ ಸರಿಯಾಗಿ ಸಾಗಿಸಬಹುದು.